ಪ್ಯಾಕೇಜ್ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಸೋರ್ಸ್ ಆವೃತ್ತಿಯ ದಾಖಲೆ

ಲಿನಕ್ಸ್ ವಿತರಣೆಯ ಒಂದು ಪ್ಯಾಕೇಜು ಯಾವ ಸೋರ್ಸ್ ಕೋಡ್‌ನ ಯಾವ ಹಂತದಿಂದ ತಯಾರಾಯಿತು ಎಂಬುದನ್ನು ಬಿಲ್ಡ್ ಸ್ಕ್ರಿಪ್ಟ್‌ನಲ್ಲೇ ಬರೆದಿಡುವ ಪದ್ಧತಿ. ಫೆಡೋರಾದಲ್ಲಿ ಸ್ಪೆಕ್ ಕಡತ, ಆರ್ಚ್‌ನಲ್ಲಿ ಪಿಕೆಜಿಬಿಲ್ಡ್ ಇಂಥ ಬಿಲ್ಡ್ ಸ್ಕ್ರಿಪ್ಟ್‌ಗಳು. ಡೆಬಿಯನ್‌ನಲ್ಲಿ ‘ವಾಚ್’ ಎಂಬ ಕಡತವನ್ನು ಓದಿ, ಮೂಲ ಯೋಜನೆಯ ಹೊಸ ಬಿಡುಗಡೆ ಬಂದಿದೆಯೇ ಎಂದು ಯುಸ್ಕ್ಯಾನ್ ಎಂಬ ಸಾಧನ ಹುಡುಕುತ್ತದೆ.

ಕನ್ನಡಿಗರಿಗೆ ಇದು ನೇರವಾಗಿ ತಟ್ಟುವುದು ಫಾಂಟ್‌ಗಳಲ್ಲಿ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳು ಲೋಹಿತ್ ಕನ್ನಡದಂತೆಯೇ ಡೆಬಿಯನ್ ಪ್ಯಾಕೇಜುಗಳಾಗಿ ದೊರೆಯುತ್ತವೆ. ಫಾಂಟ್‌ನ ಓಪನ್‌ಟೈಪ್ ನಿಯಮಗಳಲ್ಲಿ ಒಂದು ಸಾಲು ಬದಲಾದರೂ ‘ಕೊಪ್ಪಳ’ದ ಒತ್ತಕ್ಷರ, ‘ಯಲಬುರ್ಗಾ’ದ ಅರ್ಕಾವೊತ್ತು, ‘ಕುಷ್ಟಗಿ’ಯ ‘ಷ್ಟ’ ಬೇರೆ ರೀತಿ ಮೂಡಬಹುದು. ಗಂಗಾವತಿಯ ಡಿಟಿಪಿ ಅಂಗಡಿಯಲ್ಲಿ ಚೆನ್ನಾಗಿದ್ದ ಪುಟ ಕೊಪ್ಪಳದ ಕಚೇರಿಯಲ್ಲಿ ಕೆಟ್ಟು ಕಂಡರೆ, ಎರಡೂ ಕಡೆಯ ಪ್ಯಾಕೇಜು ಒಂದೇ ಸೋರ್ಸ್‌ನದೇ ಎಂದು ಮೊದಲು ನೋಡಬೇಕು. ದಾಖಲೆ ಇಲ್ಲದಿದ್ದರೆ ಅದಕ್ಕೆ ಉತ್ತರವೇ ಸಿಗದು.

ಮೂಲ ಲೇಖಕರು ಸಂಖ್ಯೆ ಕೊಟ್ಟು ಬಿಡುಗಡೆ ಮಾಡಿದಾಗ ಕೆಲಸ ಸುಲಭ. ಬಿಡುಗಡೆಯಿಲ್ಲದೆ ತಿದ್ದುಪಡಿಗಳಷ್ಟೇ ಸೇರುತ್ತಿದ್ದರೆ ಬದಲಾವಣೆಗಳ ಇತಿಹಾಸ ಕಾಯುವ ಗಿಟ್‌ನಲ್ಲಿ ಪ್ರತಿ ತಿದ್ದುಪಡಿಗೆ (ಕಮಿಟ್‌ಗೆ) ಇರುವ ಗುರುತನ್ನೇ ಹಿಡಿಯಬೇಕು. ಸಾಮಾನ್ಯವಾಗಿ 40 ಅಕ್ಷರಗಳ ಈ ಗುರುತು ಕಡತಗಳಿಂದಲೂ ಅವುಗಳ ಹಿಂದಿನ ಇತಿಹಾಸದಿಂದಲೂ ಹುಟ್ಟುವುದರಿಂದ ಸೋರ್ಸ್ ಯಾವುದೆಂದು ಖಚಿತವಾಗಿ ಹೇಳುತ್ತದೆ. ಎರಡು ಗುರುತುಗಳಲ್ಲಿ ಹೊಸದು ಯಾವುದೆಂದು ಮಾತ್ರ ಹೇಳದು. ಆದ್ದರಿಂದ ಆರ್ಚ್‌ನ ಸ್ಕ್ರಿಪ್ಟ್‌ಗಳು ಕಮಿಟ್‌ಗಳ ಎಣಿಕೆಯನ್ನು ಮುಂದಿಟ್ಟು, ಗುರುತಿನ ಮೊದಲ ಕೆಲವು ಅಕ್ಷರಗಳನ್ನು ಅದರ ಹಿಂದೆ ಸೇರಿಸುತ್ತವೆ. ಡೆಬಿಯನ್‌ನಲ್ಲಿ ದಿನಾಂಕ ಸೇರಿಸುವ ರೂಢಿಯಿದೆ. ಯಾರಾದರೂ ಹಳೆಯ ಇತಿಹಾಸವನ್ನು ತಿದ್ದಿ ಬರೆದರೆ ಎಣಿಕೆ ಇಳಿದು, ಹೊಸ ಪ್ಯಾಕೇಜನ್ನೇ ವ್ಯವಸ್ಥೆ ಹಳೆಯದೆಂದು ತಿಳಿಯಬಹುದು. ಆಗ ‘ಎಪಾಕ್’ ಎಂಬ ಹೆಚ್ಚುವರಿ ಅಂಕೆ ಬೇಕಾಗುತ್ತದೆ.

ಬಿಡುಗಡೆಯ ಕಮಿಟ್‌ಗೆ ಅಂಟಿಸುವ ಹೆಸರಾದ ಟ್ಯಾಗ್ ಒಂದನ್ನೇ ನಂಬುವುದು ಸಾಲದು, ಅದನ್ನು ಬೇರೆ ಕಮಿಟ್‌ಗೆ ಸರಿಸಬಹುದು. ಲಿನಕ್ಸ್ ವ್ಯವಸ್ಥೆ ಕಟ್ಟುವ ಸಾಧನವಾದ ಯಾಕ್ಟೊದಲ್ಲಿ ಸದಾ ಇತ್ತೀಚಿನ ಕಮಿಟ್ ಎಳೆಯುವ ‘ಆಟೊರೆವ್’ ಪ್ರಯೋಗಕ್ಕೆ ಅನುಕೂಲ, ಜನರ ಕೈಗೆ ಕೊಡುವ ಪ್ಯಾಕೇಜಿಗೆ ಸಲ್ಲದು.

ಈ ದಾಖಲೆಯ ಮಹತ್ವ 2024ರ ಮಾರ್ಚ್‌ನಲ್ಲಿ ಜಗತ್ತಿಗೇ ತಿಳಿಯಿತು. ಎಕ್ಸ್‌ಜೆಡ್ ತಂತ್ರಾಂಶದ 5.6.0 ಮತ್ತು 5.6.1 ಬಿಡುಗಡೆಗಳಲ್ಲಿ ಕಳ್ಳಬಾಗಿಲು ಇರುವುದನ್ನು ಆಂಡ್ರೆಸ್ ಫ್ರೊಯಿಂಡ್ ಎಂಬ ಡೆವಲಪರ್ ಪತ್ತೆಹಚ್ಚಿದರು. ಅದನ್ನು ಚಾಲೂ ಮಾಡುವ ಬಿಲ್ಡ್ ಕಡತ ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಸೋರ್ಸ್‌ನ ಕಟ್ಟಿನಲ್ಲಿ) ಇತ್ತು, ಗಿಟ್ ಭಂಡಾರದಲ್ಲಿರಲಿಲ್ಲ. ಆರ್ಚ್ ಕೂಡಲೇ ಟಾರ್‌ಬಾಲ್ ಬಿಟ್ಟು ಗಿಟ್‌ನಿಂದಲೇ ಕಟ್ಟಿದ ಪ್ಯಾಕೇಜು 5.6.1-2. ಸೋರ್ಸ್‌ನ ಆವೃತ್ತಿ ಹಿಂದಿನದೇ, ಸ್ಕ್ರಿಪ್ಟ್ ಮಾತ್ರ ಬದಲಾಗಿದೆ ಎಂಬುದನ್ನು ಕೊನೆಯ ‘2’ ತೋರಿಸುತ್ತದೆ.