ಮರಳಿ ಬಂದ ಕಪ್ಪು-ಬಿಳುಪು ಫಿಲ್ಮು: ವಸ್ತು, ಹೆಸರು ಮತ್ತು ಕೌಶಲಪರಂಪರೆ

ನಿಂತುಹೋದ ಕಲೆಯೊಂದು ಮರಳಿ ರಂಗಕ್ಕೆ ಬಂದಾಗ, ಬಂದದ್ದು ಅದೇ ಕಲೆಯೋ ಅಥವಾ ಅದರ ಹೆಸರನ್ನು ಹೊತ್ತ ಬೇರೊಂದೋ ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ಕೇಳುತ್ತಲೇ ಬಂದಿದ್ದಾರೆ. ಈ ಪ್ರಶ್ನೆಯನ್ನು ಕಾರ್ಖಾನೆಯಲ್ಲಿ ತಯಾರಾದ ವಸ್ತುವೊಂದರ ಬಗೆಗೂ ಕೇಳಲು ಸಾಧ್ಯವೇ ಎಂಬುದು ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಇದಕ್ಕೆ ಆಧಾರವಾಗಿ ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆಯ ‘ನಿಯೋಪಾನ್ 100 ಅಕ್ರಾಸ್’ ಎಂಬ ಕಪ್ಪು-ಬಿಳುಪು ಫಿಲ್ಮಿನ ಇತಿಹಾಸವನ್ನು ಮುಖ್ಯವಾಗಿ ಇಲ್ಲಿ ಪರಿಶೀಲಿಸಲಾಗಿದೆ.

ಛಾಯಾಗ್ರಹಣದ ಫಿಲ್ಮಿಗೆ ಜಗತ್ತಿನಾದ್ಯಂತ ಇದ್ದ ಬೇಡಿಕೆ 2000ದ ಸುಮಾರಿಗೆ ತುತ್ತತುದಿಯನ್ನು ಮುಟ್ಟಿ, ಡಿಜಿಟಲ್ ಕ್ಯಾಮರಾಗಳು ಹರಡಿದಂತೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಇಂಗ್ಲೆಂಡಿನ ಇಲ್ಫರ್ಡ್ ಸಂಸ್ಥೆ 2004ರಲ್ಲಿ ದಿವಾಳಿಯ ಅಂಚಿಗೆ ಬಂದು, ಮರುವರ್ಷ ಅದರ ವ್ಯವಸ್ಥಾಪಕರೇ ಕೊಂಡುಕೊಂಡದ್ದರಿಂದ ಹಾರ್ಮನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ಅಮೆರಿಕದ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು. ಅದೇ ವರ್ಷ ಅದರ ‘ಟಿ-ಮ್ಯಾಕ್ಸ್ ಪಿ3200’ ಎಂಬ ಅತಿವೇಗದ ಫಿಲ್ಮು ನಿಂತಿತು. 2018ರ ಏಪ್ರಿಲ್‌ನಲ್ಲಿ ಫ್ಯೂಜಿಫಿಲ್ಮ್ ತನ್ನ ಕಪ್ಪು-ಬಿಳುಪು ಫಿಲ್ಮಿನ ತಯಾರಿಕೆಯನ್ನು ಕೊನೆಗೊಳಿಸುವುದಾಗಿ ಪ್ರಕಟಿಸಿದಾಗ ಅಕ್ರಾಸ್ ಕೂಡ ಇತಿಹಾಸಕ್ಕೆ ಸೇರಿತೆಂದೇ ಎಲ್ಲರೂ ಭಾವಿಸಿದರು.

ಫಿಲ್ಮು ನಿಲ್ಲಲು ಬೇಡಿಕೆಯ ಕೊರತೆಯೊಂದೇ ಕಾರಣವಾಗಿರಲಿಲ್ಲ. ಅಗತ್ಯವಾದ ಕೆಲವು ಕಚ್ಚಾ ಸಾಮಗ್ರಿಗಳು ದೊರೆಯುವುದೇ ಕಷ್ಟವಾಗಿತ್ತು. ಫಿಲ್ಮು ಎಂಬುದು ಪಾರದರ್ಶಕ ಹಾಳೆಯ ಮೇಲೆ ಬಳಿದ ಜಿಲೆಟಿನ್ ಲೇಪ. ಅದರಲ್ಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳ ಸೂಕ್ಷ್ಮ ಹರಳುಗಳಿರುತ್ತವೆ. ದನದ ಮೂಳೆ ಹಾಗೂ ಚರ್ಮಗಳಿಂದ ಪಡೆಯುವ ಈ ಜಿಲೆಟಿನ್ನಿನ ಗುಣವೇ ಫಿಲ್ಮಿನ ಗುಣವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದಕ್ಕೆ ಒಂದು ನಿದರ್ಶನವನ್ನು ಗಮನಿಸಬಹುದು. ಒಂದು ಬಗೆಯ ಜಿಲೆಟಿನ್ ಚುರುಕಾಗಿಯೂ ಮತ್ತೊಂದು ಮಂದವಾಗಿಯೂ ವರ್ತಿಸಲು ಅದರಲ್ಲಿರುವ ಗಂಧಕದ ಸಂಯುಕ್ತಗಳ ಅಲ್ಪಾಂಶವೇ ಕಾರಣವೆಂದು ಕೊಡಕ್ ಪ್ರಯೋಗಾಲಯದ ಎಸ್. ಇ. ಶೆಪರ್ಡ್ 1920ರ ದಶಕದಲ್ಲಿ ಕಂಡುಹಿಡಿದರು. ಆ ಸಂಯುಕ್ತಗಳ ಮೂಲ ದನಗಳು ಮೇದ ಸಾಸಿವೆ ಜಾತಿಯ ಗಿಡಗಳಲ್ಲಿತ್ತು. ಹುಲ್ಲುಗಾವಲಿನ ಒಂದು ಗಿಡ ಚಿತ್ರದ ಬೆಳಕನ್ನು ಪ್ರಭಾವಿಸಬಲ್ಲುದಾದರೆ, ಸಾಮಗ್ರಿಯೊಂದು ಬದಲಾದಾಗ ಇಡೀ ತಯಾರಿಕೆಯೇ ತೊಡಕಿಗೆ ಸಿಲುಕುವುದು ಸಹಜವೇ ಆಗಿದೆ.

ಬಳಕೆದಾರರ, ಅದರಲ್ಲಿಯೂ ಯುವಜನರ ಒತ್ತಾಯದಿಂದ ಸಂಸ್ಥೆ ಬದಲಿ ಸಾಮಗ್ರಿಗಳನ್ನು ಹುಡುಕಿ, ತಯಾರಿಕೆಯ ಕ್ರಮವನ್ನು ಮರುಪರಿಶೀಲಿಸಿತು. 2019ರ ಜೂನ್‌ನಲ್ಲಿ ‘ಅಕ್ರಾಸ್ 2’ರ ಘೋಷಣೆಯಾಗಿ, ನವೆಂಬರ್‌ನಲ್ಲಿ ಅದು ಜಪಾನಿನ ಮಾರುಕಟ್ಟೆಗೆ ಬಂದಿತು. ಎರಡು ನಿಮಿಷಗಳವರೆಗಿನ ದೀರ್ಘ ಎಕ್ಸ್‌ಪೋಷರ್‌ಗೂ ತಿದ್ದುಪಡಿ ಬೇಡವೆಂಬ ಹಳೆಯ ಫಿಲ್ಮಿನ ವಿಶೇಷ ಗುಣ ಹೊಸದರಲ್ಲಿಯೂ ಉಳಿದಿದೆ. ಆದರೆ ಹಳೆಯದು ದೊಡ್ಡ ಕ್ಯಾಮರಾಗಳಿಗೆ ಬೇಕಾದ ಬಿಡಿ ಹಾಳೆಗಳ ರೂಪದಲ್ಲಿಯೂ ದೊರೆಯುತ್ತಿತ್ತು. ಹೊಸದು 35 ಮಿ.ಮೀ. ಮತ್ತು 120 ಅಳತೆಗಳಲ್ಲಿ ಮಾತ್ರ ಬಂದಿತು. ಹೊಸ ಡಬ್ಬಿಯ ಮೇಲೆ ‘ಬ್ರಿಟನ್ನಿನಲ್ಲಿ ತಯಾರಾದದ್ದು’ ಎಂಬ ಮುದ್ರೆಯಿರುವುದು ಇನ್ನೂ ಗಮನಾರ್ಹ. ಹೆಸರು ಜಪಾನಿನದು, ತಯಾರಿಕೆಯ ನೆಲ ಮಾತ್ರ ಬೇರೆ.

ಹಾಗಾದರೆ ಇದು ಅದೇ ಫಿಲ್ಮೇ? ಮಂಟೇಸ್ವಾಮಿ ಕಾವ್ಯವನ್ನಾಗಲಿ ಮಲೆಯ ಮಾದೇಶ್ವರ ಕಾವ್ಯವನ್ನಾಗಲಿ ಇಬ್ಬರು ಗಾಯಕರು ಹಾಡಿದಾಗ ಸಾಲುಗಳು ಬೇರೆಯಾದರೂ ಕಾವ್ಯ ಒಂದೇ ಎನ್ನುತ್ತೇವೆ. ಮೂಲಪಾಠವೊಂದನ್ನು ಕಲ್ಪಿಸಿ ಉಳಿದವನ್ನು ಅಪಭ್ರಷ್ಟವೆನ್ನುವ ಕ್ರಮವನ್ನು ಜಾನಪದಶಾಸ್ತ್ರ ಬಹಳ ಹಿಂದೆಯೇ ಕೈಬಿಟ್ಟಿದೆ. ಈ ದೃಷ್ಟಿಯಿಂದ ಅಕ್ರಾಸ್ 2 ಒಂದು ಪಾಠಾಂತರ. ಪಾಠಾಂತರವೆಂದರೆ ಕಡಿಮೆಯದು ಎಂದರ್ಥವಲ್ಲ. ಆದರೆ ಯಾವ ಪಾಠವೆಂಬುದನ್ನು ದಾಖಲಿಸುವುದು ಸಂಶೋಧಕನ ಕರ್ತವ್ಯ.

ಈ ಕರ್ತವ್ಯದ ಮಹತ್ವ ನನಗೆ ಸ್ವಂತ ತಪ್ಪಿನಿಂದ ತಿಳಿಯಿತು. ನನ್ನ ಪಿಎಚ್.ಡಿ. ಕ್ಷೇತ್ರಕಾರ್ಯದ ಕಾಲದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವೊಂದನ್ನು ನೋಡಿ ಕಲಾವಿದರೊಬ್ಬರ ಎದೆವಸ್ತ್ರವನ್ನು ಕಪ್ಪೆಂದು ವರ್ಣಿಸಿದ್ದೆ. ವರ್ಷಗಳ ಅನಂತರ ಆ ಚಿತ್ರವನ್ನು ಅವರ ಮಗನಿಗೆ ತೋರಿಸಿದಾಗ, “ಅದು ಕೆಂಪು ಸಾರ್, ನಮ್ಮಲ್ಲಿ ಕಪ್ಪು ಉಡೋದೇ ಇಲ್ಲ” ಎಂದರು. ಕಪ್ಪು-ಬಿಳುಪು ಫಿಲ್ಮುಗಳೆಲ್ಲ ಬಣ್ಣಗಳನ್ನು ಒಂದೇ ರೀತಿಯಲ್ಲಿ ಗ್ರಹಿಸುವುದಿಲ್ಲ. ಅಕ್ರಾಸ್‌ನಂಥವು ಕೆಂಪಿಗೆ ಕಡಿಮೆ ಸ್ಪಂದಿಸುವುದರಿಂದ ಕೆಂಪು ಬಣ್ಣ ತುಸು ಗಾಢವಾಗಿ ಮೂಡುತ್ತದೆ. ನೆಗೆಟಿವ್‌ನ ಅಂಚಿನಲ್ಲಿ ಫಿಲ್ಮಿನ ಹೆಸರು ಮುದ್ರಿತವಾಗಿರುತ್ತದೆ. ಪ್ರಬಂಧಕ್ಕೆ ಅಂಟಿಸಿದ ಪ್ರಿಂಟಿನಲ್ಲಿ ಆ ಅಂಚು ಇರುವುದಿಲ್ಲ. ನಾನು ನೆಗೆಟಿವನ್ನು ಕಾಪಾಡಿರಲಿಲ್ಲ. ಕುಂಕುಮ, ಕೆಂಪು ಪಟ್ಟೆ, ಮುಖವರ್ಣಿಕೆಗಳು ಅರ್ಥವನ್ನು ಹೊತ್ತಿರುವ ಕಲೆಗಳಲ್ಲಿ ಇಂಥ ತಪ್ಪು ಸಣ್ಣದಲ್ಲ. ನಮ್ಮ ಸಂಗ್ರಹಗಳಲ್ಲಿರುವ ಹಳೆಯ ಚಿತ್ರಗಳ ಸಾಕ್ಷ್ಯಮೌಲ್ಯವೇ ಇಲ್ಲಿ ಪ್ರಶ್ನೆಗೆ ಒಳಗಾಗುತ್ತದೆ.

ಪುನರಾಗಮನದ ಇನ್ನೆರಡು ಉದಾಹರಣೆಗಳು ವಿಷಯವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತವೆ. ಟಿ-ಮ್ಯಾಕ್ಸ್ ಪಿ3200 2018ರಲ್ಲಿ ಮರಳಿತು. ಅದರ ಹಿಂದಿನ ಕಾರ್ಖಾನೆ ಉಳಿದಿದ್ದುದರಿಂದ ಈ ಕಾರ್ಯ ಅಷ್ಟು ಕಠಿಣವಾಗಲಿಲ್ಲ. ಇಟಲಿಯ ಫೆರಾನಿಯಾದ ಕಥೆ ಬೇರೆ. ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ಅದರ ಸಂಶೋಧನಾ ಕಟ್ಟಡವನ್ನೂ ಯಂತ್ರಗಳನ್ನೂ ಆಧರಿಸಿ ಹೊಸ ತಂಡವೊಂದು 2014ರಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಿತು. ಉದ್ದೇಶಿಸಿದ್ದು ವರ್ಣ ಫಿಲ್ಮು. ಆದರೆ 2017ರಲ್ಲಿ ಮೊದಲು ಹೊರಬಂದದ್ದು ‘ಪಿ30’ ಎಂಬ ಹಳೆಯ ಕಪ್ಪು-ಬಿಳುಪು ಫಿಲ್ಮು. ಯಂತ್ರಗಳು ಇದ್ದರಷ್ಟೇ ಸಾಲದು, ಅವುಗಳ ಮರ್ಮವನ್ನು ಬಲ್ಲ ಹಳೆಯ ಕೆಲಸಗಾರರೂ ಬೇಕಾದರು. ಫಿಲ್ಮಿಗೆ ಲೇಪ ಹಚ್ಚುವ ಕೆಲಸ ಕತ್ತಲಲ್ಲಿಯೇ ನಡೆಯಬೇಕು. ಅಲ್ಲಿ ಕಲಿಕೆ ಕಣ್ಣಿನಿಂದಲ್ಲ. ಕೈಯ ಸ್ಪರ್ಶದಿಂದ, ಹಿರಿಯರ ಮಾತಿನಿಂದ. ಸೂತ್ರಗಳು ಕಾಗದದಲ್ಲಿ ಉಳಿಯಬಹುದು, ಹದ ಉಳಿಯುವುದಿಲ್ಲ. ಕುಂಬಾರನ ಆವಿಗೆ, ಕಮ್ಮಾರನ ಕುಲುಮೆಗಳ ಬಗ್ಗೆ ನಾವು ಹೇಳುತ್ತ ಬಂದಿರುವ ಮಾತು ಆಧುನಿಕ ಕಾರ್ಖಾನೆಗೂ ಅನ್ವಯಿಸುತ್ತದೆ ಎಂಬುದು ಇದರಿಂದ ವೇದ್ಯವಾಗುತ್ತದೆ.

ನಮ್ಮ ನೆರೆಯಲ್ಲಿಯೇ ಮರಳದೆ ಹೋದ ಫಿಲ್ಮೊಂದಿದೆ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಸಾರ್ವಜನಿಕ ವಲಯದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್, ‘ಇಂದು’ ಎಂಬ ಹೆಸರಿನ ಕಪ್ಪು-ಬಿಳುಪು ಫಿಲ್ಮು, ಕಾಗದಗಳನ್ನು ತಯಾರಿಸಿ ದೇಶದ ಸ್ಟುಡಿಯೋಗಳಿಗೆ ಒದಗಿಸಿತು. ನಷ್ಟಕ್ಕೆ ಸಿಲುಕಿದ ಆ ಕಾರ್ಖಾನೆ ಮುಚ್ಚಿತು. ‘ಇಂದು’ವಿಗೆ ಎರಡನೆಯ ಪಾಠ ಹುಟ್ಟಲಿಲ್ಲ. ಹುಟ್ಟಬೇಕೆಂದು ವಾದಿಸುವುದು ಈ ಪ್ರಬಂಧದ ಉದ್ದೇಶವೂ ಅಲ್ಲ. ಆದರೆ ಅಲ್ಲಿ ಕತ್ತಲಲ್ಲಿ ದುಡಿದವರ ನೆನಪು, ಅವರ ಕೆಲಸದ ಮಾತು, ಹದ ಗುರುತಿಸುವ ಬಗೆ ಇವು ವೃತ್ತಿ ಜಾನಪದದ ಸಾಮಗ್ರಿಗಳೆಂಬುದನ್ನು ಮರೆಯಬಾರದು.

ಈ ಚರ್ಚೆಯಿಂದ ಎರಡು ಕಾರ್ಯಗಳು ನಮ್ಮ ಮುಂದೆ ನಿಲ್ಲುತ್ತವೆ. ಮೊದಲನೆಯದು, ವಿಶ್ವವಿದ್ಯಾಲಯಗಳ ಹಾಗೂ ಗ್ರಂಥಾಲಯಗಳ ಛಾಯಾಚಿತ್ರ ಸಂಗ್ರಹಗಳ ಸೂಚಿಗಳಲ್ಲಿ ಊರು, ಕಲಾವಿದ, ದಿನಾಂಕಗಳ ಜೊತೆಗೆ ಫಿಲ್ಮಿನ ಹೆಸರನ್ನೂ ನಮೂದಿಸಿ, ನೆಗೆಟಿವ್‌ಗಳನ್ನು ಅಂಚುಸಹಿತ ಕಾಪಾಡುವುದು. ಎರಡನೆಯದು, ಉದಕಮಂಡಲದ ಹಿರಿಯ ಕೆಲಸಗಾರರನ್ನೂ ನಮ್ಮ ಊರುಗಳ ಹಳೆಯ ಸ್ಟುಡಿಯೋಗಳ ಕತ್ತಲಕೋಣೆಯಲ್ಲಿ ದುಡಿದವರನ್ನೂ ಕಂಡು ಅವರ ಮಾತನ್ನು ದಾಖಲಿಸುವುದು. ಫಿಲ್ಮು ಮರಳಿ ಬಂದೀತು, ಬಾರದೆಯೂ ಹೋದೀತು. ಅದನ್ನು ಬಲ್ಲವರು ಹೋದ ಮೇಲೆ ಮರಳಿ ಕೇಳುವುದಕ್ಕೆ ಯಾರೂ ಇರುವುದಿಲ್ಲ.