ಓದಲು ಬರುವವರು ಇರುವಾಗಲೇ

ಬ್ಯಾರಿ ಮನೆಗಳ ಅಟ್ಟದಲ್ಲಿ, ಹಳೆಯ ಮರದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟ ಕಿತಾಬುಗಳಲ್ಲಿ ಎರಡು ಬಗೆ ಇವೆ. ಮುಸಾಫ್, ಮೌಲಿದ್, ಫಿಕ್‌ಹ್ ಮುಂತಾದ ಅರಬಿ ಭಾಷೆಯ ಗ್ರಂಥಗಳು ಒಂದು ಬಗೆ. ಅವನ್ನು ಓದುವವರು ಇಂದಿಗೂ ಇದ್ದಾರೆ, ಮುಂದೆಯೂ ಇರುತ್ತಾರೆ. ನೋಡಲು ಅರಬಿಯಂತೆಯೇ ಕಂಡರೂ ಓದಿದರೆ ನಮ್ಮ ಮನೆಮಾತಿಗೆ ಹತ್ತಿರವಾಗಿ ಕೇಳುವ ಅರಬಿ ಮಲಯಾಳಂ ಕಿತಾಬುಗಳು ಇನ್ನೊಂದು ಬಗೆ. ಮಾಲೆಗಳು, ಬೈತ್‌ಗಳು, ನಮಾಝು ನೋಂಬಿನ ಮಸಲೆಗಳು ಇದರಲ್ಲಿ ಸೇರುತ್ತವೆ. ಯಾರಾದರೂ ಗಟ್ಟಿಯಾಗಿ ಓದಿದರೆ ನಮ್ಮ ಮಕ್ಕಳಿಗೆ ಅರ್ಧಕ್ಕಿಂತ ಹೆಚ್ಚು ಅರ್ಥವಾಗುತ್ತದೆ. ಅದೇ ಪುಟವನ್ನು ಅವರ ಕೈಗೆ ಕೊಟ್ಟರೆ ಒಂದು ಸಾಲೂ ಸಾಗುವುದಿಲ್ಲ. ಭಾಷೆ ಇನ್ನೂ ಕಿವಿಯಲ್ಲಿದೆ, ಕಾಗದವೂ ಪೂರ್ತಿ ಹಾಳಾಗಿಲ್ಲ, ಆದರೆ ಲಿಪಿ ಕೈತಪ್ಪಿ ಹೋಗಿದೆ.

ಲಿಪಿ ಕೈತಪ್ಪಿದ ಪುಸ್ತಕವನ್ನು ಮತ್ತೆ ಓದುವಂತೆ ಮಾಡಲು ಸಾಧ್ಯವೇ? ಬೇರೆಯವರು ಮಾಡಿದ್ದಾರೆ. ಹೆಚ್ಚಿನ ಕಡೆ ಅದನ್ನು ಮಾಡಿದ್ದು ಸಂಬಳವಿಲ್ಲದ ಸ್ವಯಂಸೇವಕರು, ದಿನಕ್ಕೆ ಒಂದೆರಡು ಪುಟದ ಲೆಕ್ಕದಲ್ಲಿ. ಅವರು ಮಾಡಿದ್ದು ಹೇಗೆ, ಅದರಲ್ಲಿ ನಮಗೆ ಬೇಕಾದದ್ದು ಯಾವುದು ಎಂಬುದನ್ನು ನೋಡೋಣ.

ಒಂದೇ ಕಲ್ಲಚ್ಚು, ಎರಡು ಗತಿ

ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಮುದ್ರಣ ಆರಂಭಿಸಿದ್ದು 1841ರಲ್ಲಿ, ಕಲ್ಲಚ್ಚಿನಿಂದ. ಮರುವರ್ಷವೇ ಮತ್ತಾಯನ ಸುವಾರ್ತೆ ತುಳು ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ ಹೊರಬಂತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನಲ್ಲೇ ಬಂತು. ಅದೇ ಶತಮಾನದಲ್ಲಿ, ಕೆಲವು ದಶಕಗಳ ನಂತರ, ತಲಶ್ಶೇರಿ, ಪೊನ್ನಾನಿ, ತಿರೂರಂಗಾಡಿ ಕಡೆಗಳಲ್ಲಿ ಮಾಪಿಳ್ಳೆಯವರು ಅರಬಿ ಮಲಯಾಳಂ ಕಿತಾಬುಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರತೊಡಗಿದರು.

ಕಲ್ಲಚ್ಚಿನ ಕೆಲಸ ಸರಳ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ, ನೀರು ಹಿಡಿದ ಜಾಗಕ್ಕೆ ಮಸಿ ಅಂಟುವುದಿಲ್ಲ, ಜಿಡ್ಡಿನ ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಸೀಸದ ಮೊಳೆ ಎರಕ ಹೊಯ್ಯುವ ಗೊಡವೆ ಇಲ್ಲ. ಅರಬಿಯಲ್ಲಿಲ್ಲದ ಪ, ಚ, ಗ, ಟ, ಣ, ಳ ಧ್ವನಿಗಳಿಗೆ ಅರಬಿ ಅಕ್ಷರದ ಮೇಲೆ, ಕೆಳಗೆ ಗುರುತು ಸೇರಿಸಿ ಬರೆಯುತ್ತಿದ್ದ ಲಿಪಿಗೆ ಇದು ಹೇಳಿ ಮಾಡಿಸಿದ ವಿಧಾನ. ಬರೆಯುವವನ ಕೈಬರಹವೇ ನೇರವಾಗಿ ಪುಸ್ತಕವಾಗುತ್ತಿತ್ತು.

ಹೀಗೆ ಎರಡೂ ಒಂದೇ ತಂತ್ರದಿಂದ ಹುಟ್ಟಿದವು, ಆದರೆ ಅವುಗಳ ಗತಿ ಬೇರೆಯಾಯಿತು. ಮಿಶನ್ನಿನ ಪುಸ್ತಕದ ಪ್ರತಿಗಳು ಯುರೋಪಿನ ಗ್ರಂಥಾಲಯಗಳಿಗೆ ಹೋದವು, ಪಟ್ಟಿಯಲ್ಲಿ ಸೇರಿದವು. ಅವುಗಳ ಲಿಪಿಯನ್ನು ಇಲ್ಲಿನ ಶಾಲೆಗಳೂ ಕಲಿಸಿದವು. ಸಂತೆಯಲ್ಲಿ, ಉರೂಸಿನ ಅಂಗಡಿಯಲ್ಲಿ ಕೊಂಡ ನಮ್ಮ ಕಿತಾಬುಗಳು ಮನೆಗೆ ಬಂದವು, ಹಾಡಿಕೊಂಡು ಸವೆದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ತಲಪಾಡಿಯ ಆಚೆಗೂ ಈಚೆಗೂ ಹರಡಿದ ಒಂದೇ ಕುಟುಂಬದಲ್ಲಿ ಒಬ್ಬರ ಮಕ್ಕಳು ಮಲಯಾಳಂ ಅಕ್ಷರ ಕಲಿತರು, ಇನ್ನೊಬ್ಬರ ಮಕ್ಕಳು ಕನ್ನಡ ಕಲಿತರು. ಎರಡು ಮನೆಗೂ ಸೇರಿದ್ದ ಅಜ್ಜಿಯ ಕಿತಾಬು ನಡುವೆ ಉಳಿಯಿತು.

ಟ್ಯೂಬಿಂಗೆನ್‌ನಿಂದ ಮರಳಿ ಬಂದ ಪುಟಗಳು

ನಮಗೆ ಹತ್ತಿರದ ಉದಾಹರಣೆ ಹರ್ಮನ್ ಗುಂಡರ್ಟ್ ಅವರ ಸಂಗ್ರಹ. 1814ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು 1839ರಲ್ಲಿ ತಲಶ್ಶೇರಿಯ ಇಲ್ಲಿಕುನ್ನಿಗೆ ಬಂದು ನೆಲೆಸಿದರು. 1847ರಲ್ಲಿ ಅಲ್ಲಿಂದ 'ರಾಜ್ಯಸಮಾಚಾರಂ' ಎಂಬ ಮಲಯಾಳಂ ಪತ್ರಿಕೆ ಕಲ್ಲಚ್ಚಿನಲ್ಲಿ ಹೊರಬಂತು. ಅವರು 1859ರಲ್ಲಿ ಊರಿಗೆ ಮರಳಿದರು. ಅವರ ಮಲಯಾಳಂ ನಿಘಂಟು 1872ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅವರು ಕೂಡಿಹಾಕಿದ ಹಸ್ತಪ್ರತಿಗಳೂ ಪುಸ್ತಕಗಳೂ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ಕ್ರೈಸ್ತ ಸ್ತೋತ್ರ, ಬೈಬಲ್ ಭಾಗಗಳ ಜೊತೆ ಪುರಾಣ, ಕಥನಕಾವ್ಯಗಳೂ ಅದರಲ್ಲಿವೆ. ನಮ್ಮ ಪಕ್ಕದ ಪಯ್ಯನ್ನೂರಿನ ಹೆಸರು ಹೊತ್ತ 'ಪಯ್ಯನ್ನೂರ್ ಪಾಟ್ಟ್' ಕಾವ್ಯದ ಹಸ್ತಪ್ರತಿ ಕೂಡ ಅಲ್ಲೇ ಇದೆ.

ಈ ಸಂಗ್ರಹವನ್ನು ಸ್ಕ್ಯಾನ್ ಮಾಡಿ 2018ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದರು. ಒಂದು ಲಕ್ಷಕ್ಕೂ ಹೆಚ್ಚು ಪುಟಗಳು. ಆದರೆ ಸ್ಕ್ಯಾನ್ ಎಂದರೆ ಪುಟದ ಫೋಟೋ ಅಷ್ಟೆ. ಅದರಲ್ಲಿ ಒಂದು ಪದವನ್ನು ಹುಡುಕಲು ಬರುವುದಿಲ್ಲ, ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ಸಾಲು ಹೊಂದಿಸಿಕೊಂಡು ಓದಲು ಬರುವುದಿಲ್ಲ, ಕಣ್ಣು ಕಾಣದವರಿಗೆ ಕಂಪ್ಯೂಟರ್ ಓದಿ ಹೇಳುವುದಿಲ್ಲ. ಅದಕ್ಕಾಗಿ ಮಲಯಾಳಂ ಪುಟಗಳಲ್ಲಿ ಹಲವನ್ನು ಯೂನಿಕೋಡ್ ಅಕ್ಷರಕ್ಕೆ ತಂದರು. ಈ ಕೆಲಸಕ್ಕೆ ಮಲಯಾಳಂ ವಿಕಿಮೂಲದ ಸಮುದಾಯ ಕೈಜೋಡಿಸಿತು.

ಆ ಸಮುದಾಯಕ್ಕೆ ಕೆಲಸ ಹೊಸದಾಗಿರಲಿಲ್ಲ. 2011ರ ಜೂನ್‌ನಲ್ಲಿ ಕಣ್ಣೂರಿನಲ್ಲಿ ಸೇರಿದಾಗ ಅವರು ತಾವು ಅಕ್ಷರಕ್ಕಿಳಿಸಿದ ಪುಸ್ತಕಗಳ ಸಿ.ಡಿ.ಯನ್ನೇ ಹೊರತಂದಿದ್ದರು. ಮಲಯಾಳಂ ವಿಕಿಮೂಲದಲ್ಲಿ ಸತ್ಯವೇದಪುಸ್ತಕ, ಅಧ್ಯಾತ್ಮ ರಾಮಾಯಣ, ಕುರ್‌ಆನ್ ಅನುವಾದ ಮೂರೂ ಒಂದೇ ಕಪಾಟಿನಲ್ಲಿವೆ.

ಕೆಲಸ ಸಾಗುವ ರೀತಿ

1971ರಲ್ಲಿ ಅಮೆರಿಕದ ಮೈಕೆಲ್ ಹಾರ್ಟ್ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಗುಟೆನ್‌ಬರ್ಗ್ ಯೋಜನೆ ಶುರು ಮಾಡಿದರು. ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲ್ ಪೂರ್ತಿಯಾಗಿ ಅದರಲ್ಲಿ ಬಂದದ್ದು 1989ರಲ್ಲಿ. ಆಗ ಒಂದು ಪುಸ್ತಕದ ಭಾರ ಹೆಚ್ಚಾಗಿ ಒಬ್ಬಿಬ್ಬರ ಹೆಗಲ ಮೇಲೇ ಬೀಳುತ್ತಿತ್ತು. 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಎಂಬವರು ಭಾರ ಹಂಚುವ ದಾರಿ ಮಾಡಿದರು. ಪುಸ್ತಕವನ್ನು ಪುಟ ಪುಟವಾಗಿ ಬಿಡಿಸಿ ನೂರು ಜನರಿಗೆ ಕೊಡುವುದು. ತೆರೆಯ ಮೇಲೆ ಒಂದು ಕಡೆ ಪುಟದ ಚಿತ್ರ, ಪಕ್ಕದಲ್ಲಿ ಟೈಪಾದ ಅಕ್ಷರ. ನಿಮಗೆ ಬಿಡುವಿದ್ದಷ್ಟು ಹೊತ್ತು ಒಂದು ಪುಟ ನೋಡಿ ತಿದ್ದಿದರೆ ಸಾಕು, ಮುಂದಿನ ಪುಟ ಇನ್ನೊಬ್ಬರು ನೋಡುತ್ತಾರೆ.

ವಿಕಿಮೂಲದಲ್ಲಿ ಇದಕ್ಕೆ ಬಣ್ಣಗಳಿವೆ. ಇನ್ನೂ ತಿದ್ದದ ಪುಟ ಕೆಂಪು. ಒಬ್ಬರು ಚಿತ್ರದೊಂದಿಗೆ ತಾಳೆ ನೋಡಿದರೆ ಹಳದಿ. ಎರಡನೆಯವರು ಮತ್ತೊಮ್ಮೆ ತಾಳೆ ನೋಡಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಎಷ್ಟೇ ದೊಡ್ಡ ಪಂಡಿತರಾದರೂ ತಮ್ಮ ಕೆಲಸಕ್ಕೆ ತಾವೇ ಸಾಕ್ಷಿಯಾಗಲು ಬರುವುದಿಲ್ಲ.

ಡಿಪ್ಲೊಮಾದಲ್ಲಿ ನಾನು ಕಲಿತದ್ದು ಮೆಕ್ಯಾನಿಕಲ್. ವರ್ಕ್‌ಶಾಪಿನಲ್ಲಿ ಲೇತ್ ತಿರುಗಿಸಿದವನು ಒಬ್ಬ, ಅಳತೆ ನೋಡಿ ಪಾಸು ಮಾಡುವವನು ಇನ್ನೊಬ್ಬ. ಅಂಗಡಿಯಲ್ಲೂ ಅದೇ ಕ್ರಮ ಕಂಡಿದ್ದೇನೆ. ತಿಂಗಳ ಕೊನೆಗೆ ಉಪ್ಪ ಕಿರ್ದಿ ಪುಸ್ತಕದಿಂದ ಗಟ್ಟಿಯಾಗಿ ಓದುವುದು, ಎದುರು ಕೂತವರು ಖಾತೆಯಲ್ಲಿ ಟಿಕ್ ಹಾಕುತ್ತಾ ಹೋಗುವುದು. ಬರೆದ ಕಣ್ಣು ತಾನು ಬರೆಯಬೇಕೆಂದುಕೊಂಡದ್ದನ್ನೇ ಕಾಣುತ್ತದೆ, ಬರೆದದ್ದನ್ನು ಕಾಣುವುದಿಲ್ಲ. ಅದಕ್ಕೇ ಎರಡನೆಯ ಕಣ್ಣು.

ಇದು ನಮ್ಮದೇ ಪದ್ಧತಿ

ಇದನ್ನು ಕಂಪ್ಯೂಟರಿನವರು ಕಂಡುಹಿಡಿದದ್ದು ಎಂದು ತಿಳಿಯಬೇಕಾಗಿಲ್ಲ. ಇಸ್ಲಾಮಿನ ಹಸ್ತಪ್ರತಿ ಪರಂಪರೆಯಲ್ಲಿ ಇದಕ್ಕೆ ಮುಖಾಬಲ ಎಂದು ಹೆಸರು. ಕಿತಾಬನ್ನು ನಕಲು ಮಾಡಿದ ಮೇಲೆ ಅದನ್ನು ಮೂಲ ಪ್ರತಿಯ ಎದುರಿಟ್ಟು ತಾಳೆ ನೋಡಬೇಕು. ಒಬ್ಬರು ಓದುತ್ತಾರೆ, ಇನ್ನೊಬ್ಬರು ಪ್ರತಿಯಲ್ಲಿ ಕಣ್ಣಾಡಿಸುತ್ತಾರೆ. ಎಲ್ಲಿಯವರೆಗೆ ತಾಳೆಯಾಯಿತು ಎಂಬುದಕ್ಕೆ ಅಂಚಿನಲ್ಲಿ ಗುರುತು ಬರೆಯುತ್ತಿದ್ದರು. ಮುಖಾಬಲ ಆಗದ ಪ್ರತಿಯನ್ನು ಹದೀಸ್ ವಿದ್ವಾಂಸರು ನಂಬುತ್ತಿರಲಿಲ್ಲ. ಅಬೂಬಕರ್ (ರ) ಅವರ ಕಾಲದಲ್ಲಿ ಝೈದ್ ಬಿನ್ ಸಾಬಿತ್ (ರ) ಅವರು ಕುರ್‌ಆನಿನ ಬರಹಗಳನ್ನು ಒಟ್ಟುಗೂಡಿಸುವಾಗ ಎರಡು ಸಾಕ್ಷಿ ಕೇಳಿದ ವಿಷಯ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು.

ಈ ಕಾಲದಲ್ಲಿ ಅದೇ ಶಿಸ್ತು ಕಾಣುವುದು ತನ್ಝೀಲ್ ಎಂಬ ಯೋಜನೆಯಲ್ಲಿ. 2007ರಲ್ಲಿ ಅದು ಶುರುವಾಗುವ ಹೊತ್ತಿಗೆ ಇಂಟರ್‌ನೆಟ್ಟಿನಲ್ಲಿ ಕುರ್‌ಆನಿನ ಅಕ್ಷರರೂಪ ಬೇಕಾದಷ್ಟಿತ್ತು, ಆದರೆ ಅಲ್ಲಲ್ಲಿ ಹರಕತ್ತು, ಗುರುತು ತಪ್ಪಿದ್ದವು. ಅವರು ಮೊದಲು ಕಂಪ್ಯೂಟರಿನಿಂದ ಪಠ್ಯ ಹೊರತೆಗೆದರು. ಬಳಿಕ ವ್ಯಾಕರಣ, ತಜ್‌ವೀದಿನ ನಿಯಮಗಳನ್ನು ಹಚ್ಚಿ ಪರೀಕ್ಷಿಸಿದರು. ಕೊನೆಗೆ ಬಲ್ಲವರು ಮದೀನದ ಮುಸಾಫಿನೊಂದಿಗೆ ಕಣ್ಣಿನಿಂದಲೇ ತಾಳೆ ನೋಡಿದರು. ಯಂತ್ರ ಎಷ್ಟು ಚುರುಕಾದರೂ ಕೊನೆಯ ಮಾತು ಓದಬಲ್ಲ ಮನುಷ್ಯನದ್ದೇ ಆಯಿತು.

ತಿದ್ದುವ ಆಸೆ

ಇಂಥ ಕೆಲಸದಲ್ಲಿ ಮುಖ್ಯ ನಿಯಮ ಒಂದೇ: ಪುಟದಲ್ಲಿ ಏನಿದೆಯೋ ಅದನ್ನೇ ಬರೆಯಬೇಕು. ಕೇಳಲು ಸುಲಭ, ಪಾಲಿಸಲು ಕಷ್ಟ. ಧಾರ್ಮಿಕ ಪುಸ್ತಕವಾದರೆ ಇನ್ನೂ ಕಷ್ಟ. ಹಳೆಯ ಕಾಗುಣಿತ ಕಂಡರೆ ಸರಿಪಡಿಸೋಣ ಅನ್ನಿಸುತ್ತದೆ. ಇಂದು ಒಪ್ಪದ ಮಾತು ಕಂಡರೆ ಬಿಟ್ಟುಬಿಡೋಣ ಅನ್ನಿಸುತ್ತದೆ.

1840ರ ದಶಕದ ಮಲಯಾಳಂ ಅಚ್ಚಿನಲ್ಲಿ ಎ ಮತ್ತು ಏ, ಒ ಮತ್ತು ಓ ನಡುವೆ ಬರಹದಲ್ಲಿ ವ್ಯತ್ಯಾಸ ತೋರಿಸುತ್ತಿರಲಿಲ್ಲ. ಟೈಪ್ ಮಾಡುವವರು ಅದನ್ನು ಇಂದಿನ ಕ್ರಮಕ್ಕೆ ತಿದ್ದಿದ್ದರೆ, ಆ ಲಿಪಿ ಹೇಗೆ ಬದಲಾಗುತ್ತಾ ಬಂತು ಎಂಬ ಚರಿತ್ರೆ ಅಳಿಸಿಹೋಗುತ್ತಿತ್ತು. ಮಾಲೆಗಳ ವಿಷಯದಲ್ಲಂತೂ ನಮ್ಮೊಳಗೇ ಬೇರೆ ಬೇರೆ ಅಭಿಪ್ರಾಯಗಳಿವೆ. ಹಾಡಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಆ ಚರ್ಚೆ ಏನೇ ಇರಲಿ, ಕಿತಾಬಿನಲ್ಲಿ ನಿಜವಾಗಿ ಏನಿದೆ ಎಂದು ಓದಲು ಬಂದರೆ ತಾನೇ ಇಬ್ಬರಿಗೂ ಮಾತು?

ನಮ್ಮ ಕಿತಾಬಿನ ಕಷ್ಟಗಳು

ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಅವರ ಮುಹ್ಯಿದ್ದೀನ್ ಮಾಲೆ ತನ್ನ ಕಾಲವನ್ನು ತಾನೇ ಹೇಳಿಕೊಂಡಿದೆ: ಕೊಲ್ಲಂ ವರ್ಷ 782, ಅಂದರೆ 1607. ಕಾಲ ತಿಳಿದಿರುವ ಅರಬಿ ಮಲಯಾಳಂ ಕೃತಿಗಳಲ್ಲಿ ಇದೇ ಹಳೆಯದು. ನಾಲ್ಕು ಶತಮಾನ ದಾಟಿದ ಈ ಮಾಲೆ ಬ್ಯಾರಿ ಮನೆಗಳಲ್ಲಿ ಮಗ್ರಿಬ್ ಕಳೆದ ಮೇಲೆ ಹೆಂಗಸರ ಬಾಯಲ್ಲಿ ಉಳಿದುಬಂತು. ಇಂಥ ಹೆಸರಾದ ಕೃತಿಗಳನ್ನು ಯಾರಾದರೂ ನೋಡಿಕೊಂಡಾರು. ನನ್ನ ಚಿಂತೆ ಹೆಸರಿಲ್ಲದ ಬೈತ್ ಪುಸ್ತಕಗಳದ್ದು, ಯಾರೋ ಮುಸ್ಲಿಯಾರ್ ಕೈಯಿಂದ ಬರೆದಿಟ್ಟ ಕಟ್ಟುಗಳದ್ದು.

ಅವುಗಳನ್ನು ಅಕ್ಷರಕ್ಕೆ ತರುವಾಗ ಮೊದಲ ತೊಡಕು ಚುಕ್ಕಿಗಳದ್ದು. ಅರಬಿ ಪದದ ನಡುವೆ ಬಾ, ತಾ, ಸಾ, ನೂನ್ ಅಕ್ಷರಗಳ ಆಕಾರ ಒಂದೇ, ಚುಕ್ಕಿಯೇ ಬೇರ್ಪಡಿಸುವುದು. ಸವೆದ ಕಲ್ಲಚ್ಚಿನಲ್ಲಿ ಒಂದು ಚುಕ್ಕಿ ಮಾಸಿದರೆ ಪದವೇ ಬೇರೆ. ನಮ್ಮ ಧ್ವನಿಗಳಿಗೆ ಹೆಚ್ಚುವರಿ ಚುಕ್ಕಿ ಬೇರೆ ಸೇರಿರುತ್ತದೆ. ಫೋಟೋ ನೋಡಿ ಅಕ್ಷರ ಗುರುತಿಸುವ ಯಂತ್ರ ಇಂಥಲ್ಲಿ ಸುಲಭವಾಗಿ ಎಡವುತ್ತದೆ.

ಎರಡನೆಯದು, ನೇರವಾಗಿ ಕನ್ನಡ ಲಿಪಿಗೆ ಇಳಿಸಿದರೆ ಆಗುವ ನಷ್ಟ. ಅರಬಿಯಲ್ಲಿ ಹೃದಯಕ್ಕೂ ನಾಯಿಗೂ ಇರುವ ಪದಗಳು ಮೊದಲ ಅಕ್ಷರದಲ್ಲಿ ಮಾತ್ರ ಬೇರೆ. ಒಂದರಲ್ಲಿ ಖಾಫ್, ಇನ್ನೊಂದರಲ್ಲಿ ಕಾಫ್. ಕನ್ನಡದಲ್ಲಿ ಎರಡನ್ನೂ ಕಲ್ಬ್ ಎಂದು ಬರೆದುಬಿಟ್ಟರೆ ದುಆದ ಸಾಲಿನ ಗತಿ ಏನು? ಹಾಗಾಗಿ ಮೂರು ಪದರ ಬೇಕು. ಮೊದಲು ಪುಟದ ಚಿತ್ರ. ಅದರ ಪಕ್ಕ ಅದೇ ಅರಬಿ ಲಿಪಿಯಲ್ಲಿ ಅಕ್ಷರಕ್ಕೆ ಅಕ್ಷರ. ಆಮೇಲೆ ಕನ್ನಡ ಲಿಪಿಯಲ್ಲಿ ಓದುವ ರೂಪ. ಬ್ಯಾರಿಗೆ 2020ರಲ್ಲಿ ರೂಪುಗೊಂಡ ಹೊಸ ಲಿಪಿಯಲ್ಲಿ ಬೇಕೆಂದವರು ನಾಲ್ಕನೆಯದನ್ನೂ ಸೇರಿಸಬಹುದು. ಮೊದಲ ಎರಡು ಗಟ್ಟಿಯಾಗಿದ್ದರೆ ಮೇಲಿನದನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಕನ್ನಡದಲ್ಲಿ ಟೈಪ್ ಮಾಡುವವರು ಯೂನಿಕೋಡಿನಲ್ಲೇ ಮಾಡಬೇಕು ಎಂಬುದೂ ಮುಖ್ಯ. ಹಳೆಯ ಫಾಂಟುಗಳಲ್ಲಿ ಡಿ.ಟಿ.ಪಿ. ಮಾಡಿಸಿದ ಎಷ್ಟೋ ಪುಸ್ತಕಗಳ ಫೈಲು ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಯಾವುದು ಕಡಿಮೆಯಾಗುತ್ತಿದೆ

ಕ್ಯಾಮರಾ ಎಲ್ಲರ ಜೇಬಿನಲ್ಲಿದೆ. ಟೈಪ್ ಮಾಡುವ ಮಕ್ಕಳು ಮನೆಮನೆಯಲ್ಲಿದ್ದಾರೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. ಕಡಿಮೆಯಾಗುತ್ತಿರುವುದು ಒಂದೇ: ಅರಬಿ ಮಲಯಾಳಂ ಪಾಠಪುಸ್ತಕ ಓದಿ ಬೆಳೆದ, ಪುಟ ನೋಡಿ ತಡವರಿಸದೆ ಓದಬಲ್ಲ ಹಿರಿಯರು. ಟ್ಯೂಬಿಂಗೆನ್‌ನಲ್ಲಿದ್ದ ಪುಸ್ತಕಗಳು ನೂರೈವತ್ತು ವರ್ಷ ಕಾಯಬಹುದಿತ್ತು, ಏಕೆಂದರೆ ಮಲಯಾಳಂ ಲಿಪಿ ಓದುವವರು ಕೋಟಿಗಟ್ಟಲೆ ಇದ್ದರು. ನಮ್ಮ ಕಿತಾಬುಗಳಿಗೆ ಅಷ್ಟು ಸಮಯವಿಲ್ಲ.

ಹಾಗಾದರೆ ಕೆಲಸದ ಕ್ರಮವೂ ಬೇರೆಯಾಗಬೇಕು. ಮೊದಲು ಕಿತಾಬು ಹುಡುಕಿ, ಆಮೇಲೆ ಹಿರಿಯರನ್ನು ಹುಡುಕುವುದಲ್ಲ. ನಿಮ್ಮ ಮನೆಯಲ್ಲಿ, ಜಮಾಅತಿನಲ್ಲಿ ಈ ಲಿಪಿ ಓದಬಲ್ಲವರು ಯಾರಿದ್ದಾರೆ ಎಂದು ಮೊದಲು ನೋಡಿ. ಅವರ ಮುಂದೆ ಒಂದು ಪುಟ ಇಡಿ, ಅವರು ಓದುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆ ಪುಟದ ಫೋಟೋ ಜೊತೆಗಿಡಿ. ಕಿತಾಬು ನೋಡದೆ ಬಾಯಿಪಾಠ ಹೇಳುವ ಉಮ್ಮಂದಿರಿದ್ದರೆ ಅವರ ದನಿಯನ್ನೂ ತೆಗೆದುಕೊಳ್ಳಿ. ಮಾಸಿಹೋದ ಚುಕ್ಕಿಗೆ ಕೆಲವೊಮ್ಮೆ ಅವರ ನೆನಪೇ ಸಾಕ್ಷಿ. ಟೈಪ್ ಮಾಡುವುದು, ತಾಳೆ ನೋಡುವುದು, ಹಳದಿ ಹಸಿರು ಮಾಡುವುದು ಹತ್ತು ವರ್ಷ ಬಿಟ್ಟೂ ಆದೀತು. ಓದಿಸಿಕೊಳ್ಳುವುದು ಮಾತ್ರ ಈಗಲೇ ಆಗಬೇಕು.

ಈ ರಂಝಾನಿನೊಳಗೆ ಒಂದು ಮನೆಯಿಂದ ಒಂದು ಕಿತಾಬಿನ ಹತ್ತು ಪುಟ ಆದರೂ ಸಾಕು. ಮುಖಾಬಲಕ್ಕೆ ಎರಡನೆಯವರಾಗಿ ಕೂರಲು ನಾನಿದ್ದೇನೆ.