ಲೇಸರ್ ಹೇರ್ ರಿಮೂವಲ್: ರೇಟ್ ಆಮೇಲೆ, ಮೊದಲು ತರಂಗಾಂತರ ಕೇಳಿ

ಜಾಹೀರಾತಿನಲ್ಲಿ 'ಪರ್ಮನೆಂಟ್' ಅಂತಿರುತ್ತೆ. ಅಮೆರಿಕದ ಎಫ್‌ಡಿಎ ಒಪ್ಪಿರುವುದು 'ಶಾಶ್ವತ ಇಳಿಕೆ' ಅನ್ನೋ ಮಾತನ್ನಷ್ಟೇ. ಲೇಸರ್‌ಗೆ ಗುರಿ ಕೂದಲಿನ ಬುಡದ ಮೆಲನಿನ್. ಬಿಳಿ ಕೂದಲಿಗೆ ಅದು ನಾಟುವುದಿಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಪೆಟ್ಟು ಬೀಳುವುದರಿಂದ, ಕೆಲವು ವಾರಗಳ ಅಂತರದಲ್ಲಿ ಆರೆಂಟು ಸಿಟ್ಟಿಂಗ್ ಬೇಕಾಗುತ್ತೆ.

ನಮ್ಮ ಕಂದು ಚರ್ಮದಲ್ಲೂ ಅದೇ ಮೆಲನಿನ್ ಇದೆಯಲ್ಲ, ತೊಂದರೆ ಅಲ್ಲೇ. ಸೆಟ್ಟಿಂಗ್ ತಪ್ಪಿದರೆ ಸುಟ್ಟ ಗಾಯ, ಕಲೆ. ಎಂಜಿನಿಯರಿಂಗ್ ಓದಿದ ಚಟವೋ ಏನೋ, ನಾನು ಮೊದಲು ಕೇಳೋದು ತರಂಗಾಂತರ: 755 ನ್ಯಾನೊಮೀಟರ್‌ನ ಅಲೆಕ್ಸಾಂಡ್ರೈಟ್‌ಗಿಂತ 1064ರ ಎನ್‌ಡಿ-ಯಾಗ್ ನಮ್ಮಂಥವರಿಗೆ ಸೇಫ್. ಹೋಗುವ ಮುನ್ನ ಶೇವ್ ಮಾಡಿ. ವ್ಯಾಕ್ಸ್ ಬೇಡ, ಬುಡವೇ ಕಿತ್ತುಬಂದರೆ ಲೇಸರ್‌ಗೆ ಗುರಿಯೇ ಇರಲ್ಲ. ಪಿಸಿಒಎಸ್ ಇದ್ದವರಿಗೆ ಮುಖದ ಕೂದಲು ಮತ್ತೆ ಬರಬಹುದು. ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮೊದಲು ಚರ್ಮವೈದ್ಯರಿಗೆ ತೋರಿಸಿ, ಪಾರ್ಲರ್‌ನವರಿಗಲ್ಲ.